ಮಂಕಾಗಿರುವ ಮಗಳನ್ನು ಮೈಸೂರಲ್ಲಿ ಕುದುರೆ ಸವಾರಿಗೆ ಸೇರಿಸಿದರೆ ಉಪಯೋಗ ಆಗುತ್ತಾ?

ಆಗುತ್ತದೆ, ಆದರೆ ಸುಮ್ನೆ ಒಂದು ಸುತ್ತು ಹೊಡೆಸಿದರೆ ಅಲ್ಲ. ದಸರಾದಲ್ಲಿ ಅಶ್ವಾರೋಹಿ ಪೊಲೀಸರ ಕುದುರೆ ನೋಡಿರುತ್ತೀರಿ ಅಲ್ವಾ? ನಾಲ್ಕೈನೂರು ಕಿಲೋ ತೂಕ, ಆದರೂ ಪುಕ್ಕಲು ಪ್ರಾಣಿ. ಹತ್ತಿರ ಬಂದವರು ಗಾಬರಿಯಲ್ಲಿದ್ದರೆ ಅದೂ ತಲೆ ಎತ್ತಿ ಕಿವಿ ನಿಮಿರಿಸುತ್ತದೆ. ಹುಡುಗಿ ನಿಧಾನಕ್ಕೆ ಉಸಿರಾಡುತ್ತಾ ಕತ್ತು ಸವರಿದರೆ ತಲೆ ತಗ್ಗಿಸುತ್ತದೆ. ಗದರಿದರೆ ನಡೆಯಲ್ಲ. ತನ್ನ ಮಾತು ಯಾರೂ ಕೇಳಲ್ಲ ಅಂದುಕೊಂಡವಳು ಮೆಲ್ಲಗೆ ಲಗಾಮು ಎಳೆದಾಗ ಅಷ್ಟು ದೊಡ್ಡ ಜೀವ ನಿಂತುಬಿಟ್ಟರೆ ಅವಳಿಗೆ ಹೇಗನಿಸಬೇಡ! ನನ್ನ ಪ್ರಕಾರ ಸವಾರಿಗಿಂತ ಮೈ ಉಜ್ಜುವುದು, ಲದ್ದಿ ಎತ್ತುವುದೇ ಜಾಸ್ತಿ ಕಲಿಸುತ್ತದೆ.

ಮೈಗೂ ಒಳ್ಳೆಯದು. ಪೋಲಿಯೋ ಆಗಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲೇ ಬೆಳ್ಳಿ ಗೆದ್ದರು. ಅವರನ್ನು ಕುದುರೆ ಮೇಲೆ ಹತ್ತಿಸಲು ಬೇರೆಯವರೇ ಬೇಕಿತ್ತು.

ದೊಡ್ಡ ಆಘಾತವಾಗಿದ್ದರೆ ಮೊದಲು ಮನೋವೈದ್ಯರಿಗೆ ತೋರಿಸಿ. ಹೆಲ್ಮೆಟ್ ಕೊಡದ ಕಡೆ ಸೇರಿಸಲೇಬೇಡಿ.