ಸಂಪಾದಕರ ಉತ್ತರ: ಹಸಿದವರ ಕಥೆಯಲ್ಲಿ ದೇವರಿಗೇನು ಕೆಲಸ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಯುದ್ಧದಿಂದಲೋ ಬರದಿಂದಲೋ ಲೋಕವೇ ಕುಸಿದ ಮೇಲಿನ ಕಥೆಗಳಲ್ಲಿ ದೇವರು, ಪಾದ್ರಿ, ಪ್ರಾರ್ಥನೆ ಯಾಕೆ ಬರಬೇಕು? ತುತ್ತು ಅನ್ನಕ್ಕೆ ಪರದಾಡುವವರಿಗೆ ದೇವರ ಗೊಡವೆ ಎಲ್ಲಿರುತ್ತದೆ? ಲೇಖಕರಿಗೆ ದಾರಿ ಕಾಣದಾದಾಗ ದೇವರನ್ನು ಕರೆತರುತ್ತಾರೆ, ಅಷ್ಟೆ.’

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಕೈಯಲ್ಲಿ ಬಂದೂಕು, ಬಾಯಲ್ಲಿ ದೇವರ ಹೆಸರು ಇಟ್ಟುಕೊಂಡ ಹುಚ್ಚು ಪ್ರವಾದಿ ಇಂಥ ಕಥೆಗಳಲ್ಲಿ ಎಷ್ಟು ಸಲ ಬಂದಿದ್ದಾನೋ. ಖಳನಾಯಕ ಬೇಕಾದಾಗ ಸುಲಭಕ್ಕೆ ಸಿಗುವ ವೇಷ ಅದು. ಓದಿ ಓದಿ ನನಗೂ ಸಾಕಾಗಿದೆ. ಉಳಿದರ್ಧ ಒಪ್ಪಲಾರೆ.

ವಾಲ್ಟರ್ ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿದ್ದವರು. 1944ರ ಫೆಬ್ರವರಿಯಲ್ಲಿ ಇಟಲಿಯ ಮಾಂಟೆ ಕಸೀನೊ ಮಠವನ್ನು ಪುಡಿ ಮಾಡಿದ ದಾಳಿಯಲ್ಲಿ ಅವರೂ ಇದ್ದರು. ಹದಿನೈದು ವರ್ಷದ ಮೇಲೆ ಬಂದ ಅವರ ‘ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಜ್’ ಕಾದಂಬರಿಯಲ್ಲಿ ಒಂದು ಮಠವನ್ನೇ ಕಟ್ಟಿ ನಿಲ್ಲಿಸಿದರು. ಅಣುಯುದ್ಧದ ಬಳಿಕ ರೊಚ್ಚಿಗೆದ್ದ ಜನ ಪುಸ್ತಕ ಸುಟ್ಟಿದ್ದಾರೆ, ಓದು ಬಲ್ಲವರನ್ನು ಕೊಂದಿದ್ದಾರೆ. ಆರುನೂರು ವರ್ಷ ಕಳೆದರೂ ಮರುಭೂಮಿಯ ಆ ಮಠದವರು ಅಳಿದುಳಿದ ಹಾಳೆಗಳನ್ನು ಕಾಯುತ್ತಲೇ ಇದ್ದಾರೆ. ಅದರಲ್ಲೊಂದು ವಿದ್ಯುತ್ ಸರ್ಕಿಟ್ಟಿನ ನಕ್ಷೆ. ಅದೇನೆಂದು ಫ್ರಾನ್ಸಿಸ್ ಎಂಬ ಸನ್ಯಾಸಿಗೆ ತಿಳಿಯದು. ಆದರೂ ಅಂಚಿಗೆಲ್ಲ ಚಿತ್ತಾರ ಬರೆದು, ಚಿನ್ನ ಹಚ್ಚಿ, ಹದಿನೈದು ವರ್ಷ ಕೂತು ಅದರ ಪ್ರತಿ ಮಾಡುತ್ತಾನೆ. ಪೋಪರ ಬಳಿಗೆ ಒಯ್ಯುವಾಗ ದರೋಡೆಕೋರನೊಬ್ಬ ಅಡ್ಡಗಟ್ಟಿ, ಥಳಥಳಿಸುವ ಪ್ರತಿಯೇ ಅಸಲಿಯೆಂದು ಕಿತ್ತುಕೊಂಡು, ಮಾಸಿದ ಮೂಲವನ್ನು ಬಿಟ್ಟುಹೋಗುತ್ತಾನೆ. ಮೂಲ ಉಳಿಯುತ್ತದೆ.

ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ನೆನಪಾಗುವುದು ಮೂಡುಬಿದಿರೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಜೈನರ ಪವಿತ್ರ ಗ್ರಂಥ ಧವಲಾದ ಓಲೆಗರಿಗಳು, ಹಳಗನ್ನಡ ಲಿಪಿಯ ಪ್ರಾಕೃತ, ಶತಮಾನಗಳ ಕಾಲ ಇದ್ದದ್ದು ಹೆಚ್ಚಾಗಿ ದರ್ಶನಕ್ಕೆ, ಪೂಜೆಗೆ. ಓದಬಲ್ಲವರು ತೀರಾ ಕಡಿಮೆ. ಆದರೆ ಕೈಮುಗಿಯುವವರು ಇದ್ದರು, ಆದ್ದರಿಂದ ಗರಿಗಳು ಉಳಿದವು. 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಅರ್ಥವಾಗದ್ದನ್ನು ತಲೆಮಾರುಗಟ್ಟಲೆ ಜೋಪಾನ ಮಾಡಲು ಲಾಭನಷ್ಟದ ಲೆಕ್ಕ ಸಾಲದು, ಸ್ವಾಮಿ. ಮಿಲ್ಲರ್ ಕಥೆಯಲ್ಲಿ ಧರ್ಮಕ್ಕಿರುವ ಕೆಲಸ ಅದು.

ಇನ್ನು ನಿಮ್ಮ ಹಸಿವಿನ ಪ್ರಶ್ನೆ. ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ 1993ರ ಕಾದಂಬರಿ ‘ಪ್ಯಾರಬಲ್ ಆಫ್ ದ ಸೋವರ್’ ಶುರುವಾಗುವುದು 2024ರ ಕ್ಯಾಲಿಫೋರ್ನಿಯಾದಲ್ಲಿ. ಬ್ಯಾಪ್ಟಿಸ್ಟ್ ಬೋಧಕನ ಮಗಳು ಲಾರೆನ್ ಅಪ್ಪನ ದೇವರನ್ನು ಬಿಟ್ಟು, ಬದಲಾವಣೆಯೇ ದೇವರು ಎನ್ನುತ್ತಾಳೆ. ಅವರ ಮನೆಯಲ್ಲಿ ತಿನ್ನುವುದು ಓಕ್ ಕಾಯಿಯ ಹಿಟ್ಟಿನ ರೊಟ್ಟಿ. ಊರು ಸುಟ್ಟುಹೋದ ಮೇಲೆ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುತ್ತಾಳೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆ ಸೇರುತ್ತಾರೆ. ಪ್ರತಿಯೊಬ್ಬರೂ ಯಾರನ್ನೋ ಕಳೆದುಕೊಂಡವರು, ಮಣ್ಣು ಮಾಡಲೂ ಆಗದೆ ಬಂದವರು. ಕೊನೆಗೆ ಒಂದು ನೆಲೆ ಸಿಕ್ಕಾಗ ಎಲ್ಲರೂ ನಿಂತು ಸತ್ತವರನ್ನು ನೆನೆಯುತ್ತಾರೆ. ಬೈಬಲಿನ ಸಾಲುಗಳನ್ನೂ ಹೇಳುತ್ತಾರೆ, ಲಾರೆನ್ ಬರೆದ ಸಾಲುಗಳನ್ನೂ. ಸತ್ತವರಿಗಾಗಿ ಓಕ್ ನೆಡುತ್ತಾರೆ. ಊಟಕ್ಕೆ ಕೂತದ್ದು ಅದಾದ ಮೇಲೆ. ಆಗಲೇ ಆ ಜಾಗಕ್ಕೆ ಹೆಸರಿಟ್ಟರು: ಏಕಾರ್ನ್, ಎಂದರೆ ಓಕ್ ಕಾಯಿ.