ಕೀನ್ಯಾದ ಕಾಫಿ ಸಹಕಾರ ಸಂಘದ ನಿರ್ದೇಶಕರಿಗೆ ತರಬೇತಿ ಕೊಡಲು ಶಿವಮೊಗ್ಗದ ಅಡಿಕೆ ಸೊಸೈಟಿಯವರು ಹೋದರೆ ಎಲ್ಲಿಂದ ಶುರು ಮಾಡಬೇಕು?

ಸ್ಲೈಡುಗಳನ್ನು ಬದಿಗಿಟ್ಟು ಮೊದಲ ದಿನವೇ ಹಣ್ಣು ತೂಗುವ ಜಾಗಕ್ಕೆ ಹೋಗಿ. ನಮ್ಮ ಮಂಡಿಯಲ್ಲಿ ಅಡಿಕೆ ಬೆಳೆಗಾರನ ಹೆಸರಲ್ಲೇ ಲಾಟಾಗಿ ಟೆಂಡರಿಗೆ ಹೋಗುತ್ತದೆ. ಅಲ್ಲಿ ಹಾಗಲ್ಲ, ಎಲ್ಲರ ಹಣ್ಣೂ ಒಂದೇ ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಿದ್ದು ಬೆರೆಯುತ್ತದೆ, ದುಡ್ಡು ಬರುವುದು ಮಾರಾಟವಾದ ಮೇಲೆ. ಹಾಗಾಗಿ ರೈತನಿಗೆ ತೂಕದ ಚೀಟಿಯೇ ಆಧಾರ. ಇಪ್ಪತ್ತು ಚೀಟಿ ತೆಗೆದು ನಿರ್ದೇಶಕರಿಂದಲೇ ಲೆಡ್ಜರಿಗೆ ತಾಳೆ ಹಾಕಿಸಿ. ವ್ಯತ್ಯಾಸ ಕಂಡ ಕೂಡಲೇ ಕಾರ್ಯದರ್ಶಿ ಮೇಲೆ ಹಾರಿಬೀಳುತ್ತಾರೆ (ಇಲ್ಲಿಯೂ ಅಷ್ಟೇ ಬಿಡಿ). ಅದಕ್ಕೆ ಬಿಡದೆ ಮೊದಲು ತಕ್ಕಡಿ ಸೊನ್ನೆಗೆ ನಿಲ್ಲುತ್ತದೆಯೇ, ಚೀಲದ ತೂಕ ಕಳೆದಿದ್ದಾರೆಯೇ ನೋಡಿಸಿ. ಆಮೇಲೆ ಸುಮಾರು 6–7 ಕಿಲೋ ಹಣ್ಣಿಗೆ 1 ಕಿಲೋ ಬೀಜ ಎಂದು ಹಿಡಿದು, ಮಾರಿದ ದುಡ್ಡಿನಲ್ಲಿ ಖರ್ಚು ಕಳೆದು ಕಿಲೋ ಹಣ್ಣಿಗೆ ಎಷ್ಟು ಉಳಿಯುತ್ತದೆಂದು ಅವರೇ ಬೋರ್ಡಿನ ಮೇಲೆ ಬರೆಯಲಿ. ನಮ್ಮ ಬೈಲಾ ಒಯ್ಯಬೇಡಿ, ಅವರ ಕಾಯ್ದೆಯೇ ಬೇರೆ. ದುಭಾಷಿ ಇದ್ದರೆ ಅರ್ಧ ಹೊತ್ತು ಅನುವಾದಕ್ಕೇ ಹೋಗುತ್ತದೆ, ದಿನಕ್ಕೊಂದೇ ವಿಷಯ ಸಾಕು.