ಸಂಬಳ 38 ಸಾವಿರ, ಲೋನ್ 5 ಲಕ್ಷ: ಮೊದ್ಲು ಯಾವುದಕ್ಕೆ ಕಟ್ಲಿ?

ಪ್ರಶ್ನೆ: ಸರ್, ಈ ಜೂನ್‌ಗೆ ಬಿಇ ಮುಗೀತು, ಆಗಸ್ಟ್‌ನಿಂದ ಬೆಂಗಳೂರಲ್ಲಿ ಕೆಲಸ. ಪ್ಯಾಕೇಜ್ 5.4 ಲಕ್ಷ, ಅಂದ್ರೆ ತಿಂಗಳಿಗೆ 45 ಸಾವಿರ ಅಂತ ಊರಲ್ಲೆಲ್ಲ ಹೇಳಾಗಿದೆ, ಅಕೌಂಟಿಗೆ ಬಂದಿದ್ದು ನೋಡಿದ್ರೆ 38,300. ಪಿಜಿಗೆ 9,500, ಮನೆಗೆ 6,000 ಕಳಿಸ್ತೀನಿ. ಎಜುಕೇಶನ್ ಲೋನ್ 5 ಲಕ್ಷ ಇದೆ, ವರ್ಷಕ್ಕೆ 1.25 ಲಕ್ಷದ ಹಾಗೆ ತಗೊಂಡಿದ್ದು, ಬಡ್ಡಿ 10.5%, ಅಪ್ಪನೂ ಸೈನ್ ಹಾಕಿದಾರೆ, ಇವತ್ತಿನ ತನಕ ಒಂದು ರೂಪಾಯಿ ಕಟ್ಟಿಲ್ಲ. ಮುಂದಿನ ಜೂನ್ ತನಕ ಕಟ್ಟೋದು ಬೇಡ ಅಂತ ಬ್ಯಾಂಕ್‌ನಲ್ಲೇ ಹೇಳಿದಾರೆ. ಅಷ್ಟರಲ್ಲಿ ಇಎಂಐ ಮೇಲೆ ಒಂದು ಸ್ಕೂಟಿ ತಗೊಂಡು, ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಾಕೋ ಎಸ್‌ಐಪಿ ಶುರು ಮಾಡೋಣ ಅಂತಿದೀನಿ. ಸೋದರಮಾವ ಬೇರೆ ತಿಂಗಳಿಗೆ 3,000ದ ಪಾಲಿಸಿ ಮಾಡ್ಸು, 20 ವರ್ಷಕ್ಕೆ ಡಬಲ್ ಆಗುತ್ತೆ ಅಂತ ಬೆನ್ನು ಬಿದ್ದಿದಾರೆ. ಏನು ಮಾಡ್ಲಿ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮೊದ್ಲು ಆ 6,700 ಎಲ್ಲಿ ಹೋಯ್ತು ಅಂತ ನೋಡೋಣ, ಯಾರೂ ಕದ್ದಿಲ್ಲ. ನಿಮ್ಮ ಬೇಸಿಕ್ 22,500 ಇರಬೇಕು, ಅದರ 12% ಅಂದ್ರೆ 2,700 ನಿಮ್ಮ ಪಿಎಫ್, ಕಂಪನಿ ಹಾಕೋ ಇನ್ನೊಂದು 2,700ನೂ ಪ್ಯಾಕೇಜ್ ಒಳಗೇ ಸೇರಿಸಿರ್ತಾರೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ದುಡ್ಡು) ಅಂತ ಬೇಸಿಕ್‌ನ 4.81% ಅಂದ್ರೆ ಸಾವಿರದ ಚಿಲ್ಲರೆ, ಮತ್ತೆ ವೃತ್ತಿ ತೆರಿಗೆ 200 (ಫೆಬ್ರವರೀಲಿ 300 ಹಿಡೀತಾರೆ, ಗಾಬರಿ ಆಗ್ಬೇಡಿ). ಇನ್‌ಕಮ್ ಟ್ಯಾಕ್ಸ್ ನಿಮಗೆ ಇಲ್ಲ, ಹೊಸ ಪದ್ಧತೀಲಿ ಸಂಬಳದವರಿಗೆ 12.75 ಲಕ್ಷದ ತನಕ ಏನೂ ಬೀಳಲ್ಲ. ಅದಕ್ಕೇ 'ಟ್ಯಾಕ್ಸ್ ಉಳಿಸೋಕೆ' ಅಂತ ಯಾರಾದ್ರೂ ಏನಾದ್ರೂ ಮಾರೋಕೆ ಬಂದ್ರೆ ಕಾಫಿ ಕೊಟ್ಟು ಕಳಿಸಿ.

ಈಗ ಲೋನ್ ವಿಷಯ. ಬ್ಯಾಂಕ್‌ನವರು ಹೇಳಿದ್ದು ಸುಳ್ಳಲ್ಲ, ಕೋರ್ಸ್ ಮುಗಿದು ಒಂದು ವರ್ಷ ಕಂತು ಕಟ್ಟದೇ ಇದ್ರೆ ಯಾರೂ ಕೇಳಲ್ಲ. ಆದ್ರೆ ಬಡ್ಡಿ ನಿಂತಿರಲ್ಲ. ನಾಲ್ಕು ವರ್ಷದ್ದು ಲೆಕ್ಕ ಹಾಕಿದ್ರೆ ಸರಳ ಬಡ್ಡೀನೇ ಹತ್ತಿರ ಹತ್ತಿರ 1.31 ಲಕ್ಷ ಆಗಿದೆ, ಅಂದ್ರೆ ಈಗಲೇ ನಿಮ್ಮ ತಲೆ ಮೇಲೆ 6.31 ಲಕ್ಷ ಇದೆ. ಇನ್ನೊಂದು ವರ್ಷ ಸುಮ್ನಿದ್ರೆ 52,500 ಸೇರಿ 6.84 ಲಕ್ಷ, ಆಮೇಲೆ ಅಷ್ಟೂ ಅಸಲಿಗೆ ಸೇರಿಕೊಂಡು ಬಡ್ಡಿಗೂ ಬಡ್ಡಿ ಶುರು. 7 ವರ್ಷಕ್ಕೆ ಇಎಂಐ ಸುಮಾರು 11,500 ಬರುತ್ತೆ. ಬದಲಿಗೆ ಈ ತಿಂಗಳಿಂದ ಬರೀ ಬಡ್ಡಿ, ಅಂದ್ರೆ 4,400 ಹಾಗೆ ಕಟ್ತಾ ಹೋದ್ರೆ ಸಾಲ 6.31ರ ಆಸುಪಾಸಲ್ಲೇ ನಿಲ್ಲುತ್ತೆ, ಇಎಂಐ 10,600ಕ್ಕೆ ಇಳಿಯುತ್ತೆ. ಬ್ರ್ಯಾಂಚ್‌ಗೆ ಹೋಗಿ ಲೋನ್ ಅಕೌಂಟಿನ ಸ್ಟೇಟ್‌ಮೆಂಟ್ ಕೇಳಿ, ಇಲ್ಲಿಯ ತನಕ ಎಷ್ಟು ಬಡ್ಡಿ ಹಾಕಿದಾರೆ ಅಂತ ಕಣ್ಣಾರೆ ನೋಡಿ. ಬಡ್ಡಿ ಫ್ಲೋಟಿಂಗ್, ಅಂದ್ರೆ ಆಗಾಗ ಬದಲಾಗೋ ತರದ್ದಾಗಿದ್ರೆ ಯಾವಾಗ ಎಷ್ಟು ಹೆಚ್ಚು ಕಟ್ಟಿದ್ರೂ ದಂಡ ಹಾಕೋ ಹಾಗಿಲ್ಲ.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಜೂನ್‌ನಿಂದ ಹೋಗಬೇಕಾದ ಆ 10,600 ಇವತ್ತಿಂದಲೇ ನಂದಲ್ಲ ಅಂದ್ಕೊಳ್ಳೋದು. ಅದರಲ್ಲಿ 4,400 ಬಡ್ಡಿಗೆ, ಉಳಿದ 6,200 ಸಂಬಳ ಬಂದ ದಿನವೇ ಬೇರೆ ಬ್ಯಾಂಕಲ್ಲಿ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟೋ ಠೇವಣಿ). ಹತ್ತು ತಿಂಗಳಿಗೆ 62 ಸಾವಿರ ಕೂಡಿರುತ್ತೆ, ನಾಳೆ ಕೆಲಸಕ್ಕೆ ಏನಾದ್ರೂ ಆದ್ರೆ ಪಿಜಿ, ಮನೆ, ಇಎಂಐ ಎರಡು ತಿಂಗಳ ಮೇಲೆ ತಳ್ಳಬಹುದು. ಇದು ಮುಖ್ಯ ಯಾಕಂದ್ರೆ ಕಂತು ತಪ್ಪಿದ್ರೆ ನಿಮ್ಮ ಸಿಬಿಲ್ ಮಾತ್ರ ಅಲ್ಲ, ಸೈನ್ ಹಾಕಿರೋ ಅಪ್ಪಂದೂ ಬೀಳುತ್ತೆ, ನಾಳೆ ಅವರು ಒಂದು ಟ್ರ್ಯಾಕ್ಟರ್ ಲೋನ್‌ಗೆ ಹೋದಾಗ ಅದು ಎದುರಿಗೆ ಬಂದು ನಿಲ್ಲುತ್ತೆ.

ಎಸ್‌ಐಪಿ ಒಂದು ವರ್ಷ ತಡ ಆದ್ರೆ ಏನೂ ಮುಳುಗಲ್ಲ. 10.5% ಸಾಲ ತೀರಿಸೋದು ಅಂದ್ರೆ 10.5% ಖಾತ್ರಿ ಲಾಭ, ಮಾರ್ಕೆಟ್ ಅಷ್ಟು ಖಾತ್ರಿ ಕೊಡಲ್ಲ. ಅದೂ ಅಲ್ದೆ ಪಿಎಫ್‌ಗೆ ಎರಡೂ ಕಡೆಯಿಂದ ತಿಂಗಳಿಗೆ 5,400 ಹೋಗ್ತಾನೇ ಇದೆ, 2024-25ಕ್ಕೆ ಅದರ ಬಡ್ಡಿ 8.25% ಇತ್ತು.

ಸೋದರಮಾವನ ಪಾಲಿಸಿಗೆ ಬರೋಣ. 20 ವರ್ಷ ತಿಂಗಳಿಗೆ 3,000 ಅಂದ್ರೆ 7.2 ಲಕ್ಷ, ಅದು ಡಬಲ್ ಆಗಿ 14.4 ಲಕ್ಷ. ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿದ್ರೆ ವರ್ಷಕ್ಕೆ 6.3% ಅಷ್ಟೇ. 10.5%ಗೆ ಸಾಲ ಇಟ್ಕೊಂಡು 6.3%ಗೆ ದುಡ್ಡು ಹಾಕೋದು ಯಾವ ಸೀಮೆ ಲೆಕ್ಕ? ಮುಲಾಜಿಗೆ ಬಿದ್ದು ಈಗಾಗ್ಲೇ ಸೈನ್ ಹಾಕಿದ್ರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡೋ ಹಕ್ಕು ನಿಮಗಿದೆ. ಆದ್ರೆ ಮಾವ ಇನ್ಶೂರೆನ್ಸ್ ಬೇಕು ಅನ್ನೋದ್ರಲ್ಲಿ ಸ್ವಲ್ಪ ಸತ್ಯ ಇದೆ, ನಿಮಗೇನಾದ್ರೂ ಆದ್ರೆ ಸಾಲ ಅಪ್ಪನ ಮೇಲೆ ಬರುತ್ತೆ. ಅದಕ್ಕೆ ಬರೀ ಟರ್ಮ್ ಪಾಲಿಸಿ, ಅಂದ್ರೆ ಜೀವಕ್ಕೆ ಏನಾದ್ರೂ ಆದ್ರೆ ಮಾತ್ರ ದುಡ್ಡು ಕೊಡೋದು, ಸಾಕು. ನಿಮ್ಮ ವಯಸ್ಸಿಗೆ ಮಾವ ಹೇಳಿದ ಎರಡು ಮೂರು ತಿಂಗಳ ಕಂತಿನಷ್ಟು ದುಡ್ಡಲ್ಲಿ ಇಡೀ ವರ್ಷದ ಕವರ್ ಸಿಗುತ್ತೆ. ಅದನ್ನ ಮಾವನ ಹತ್ರಾನೇ ಮಾಡಿಸಿ, ಮನೆಮಂದಿ ಮಧ್ಯೆ ಬೇಜಾರೂ ಉಳಿಯಲ್ಲ.

ಸ್ಕೂಟಿ? ನೀವು ಹೆಣ್ಣುಮಗಳಾಗಿದ್ರೆ ಶಕ್ತಿ ಯೋಜನೇಲಿ ಬಿಎಂಟಿಸಿ ಸಾದಾ ಬಸ್ಸು ನಿಮಗೆ ಫ್ರೀ ಇದೆ. ನೈಟ್ ಶಿಫ್ಟ್ ಇದ್ದು ಕ್ಯಾಬ್ ಇಲ್ಲ ಅಂದ್ರೆ ಬೇರೆ ಮಾತು, ಆಗ ಸೆಕೆಂಡ್ ಹ್ಯಾಂಡ್ ನೋಡಿ.

ಪ್ರಶ್ನೆ: ಒಂದೂವರೆ ವರ್ಷ ಆಯ್ತು, ಬೇರೆ ಕಂಪನಿ ಸೇರ್ತಿದೀನಿ. ಹಳೇ ಪಿಎಫ್ ತೆಗೆದು ಕ್ರೆಡಿಟ್ ಕಾರ್ಡ್ ಬಾಕಿ 22 ಸಾವಿರ ತೀರಿಸ್ಲಾ? ತಿಂಗಳು ತಿಂಗಳು ಮಿನಿಮಮ್ ಡ್ಯೂ ಕಟ್ತಾನೇ ಇದೀನಿ.
– ಓದುಗರು, ಹುಬ್ಬಳ್ಳಿ

ಉತ್ತರ: ಪಿಎಫ್ ಮುಟ್ಬೇಡಿ. ಯುಎಎನ್ (ನಿಮ್ಮ ಪಿಎಫ್ ನಂಬರ್) ಒಂದೇ ಇರ್ಲಿ, ಹೊಸ ಕಂಪನಿಗೆ ಅದನ್ನೇ ಕೊಟ್ಟು ಟ್ರಾನ್ಸ್‌ಫರ್ ಹಾಕಿ, ಹಳೇ ಕಂಪನಿಯವರು ನೀವು ಬಿಟ್ಟ ತಾರೀಖು ಹಾಕಿದಾರಾ, ಆಧಾರ್‌ನಲ್ಲಿರೋ ಹೆಸರಿಗೆ ತಾಳೆ ಆಗ್ತಿದೆಯಾ ಅಂತ ಮೊದ್ಲು ನೋಡ್ಕೊಳ್ಳಿ, ಎಷ್ಟೋ ಅರ್ಜಿ ಸಿಕ್ಕಿಹಾಕೊಳ್ಳೋದು ಅಲ್ಲೇ. ಐದು ವರ್ಷ ತುಂಬೋ ಮೊದ್ಲು ತೆಗೆದ್ರೆ ಅದು ತೆರಿಗೆ ಲೆಕ್ಕಕ್ಕೂ ಬರುತ್ತೆ. ಕಾರ್ಡ್ ಬಾಕಿ ಮಾತ್ರ ಅರ್ಜೆಂಟ್. ಮಿನಿಮಮ್ ಡ್ಯೂ ಕಟ್ಟಿದ್ರೆ ಲೇಟ್ ಫೀಸ್ ತಪ್ಪುತ್ತೆ ಅಷ್ಟೇ, ಉಳಿದಿದ್ದಕ್ಕೆ ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ ಬೀಳ್ತಾ ಇರುತ್ತೆ, ಹೊಸದಾಗಿ ಉಜ್ಜಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಕಾರ್ಡ್ ಬೀರುಗೆ ಹಾಕಿ, ಎರಡು ಮೂರು ಸಂಬಳದಲ್ಲಿ ಪೂರ್ತಿ ತೀರಿಸಿ. ಅಷ್ಟೂ ಆಗಲ್ಲ ಅಂದ್ರೆ ಬ್ಯಾಂಕಿಗೆ ಫೋನ್ ಮಾಡಿ ಬಾಕೀನ ಇಎಂಐ ಮಾಡಿಕೊಡಿ ಅಂತ ಕೇಳಿ, ಪ್ರೊಸೆಸಿಂಗ್ ಫೀಸ್ ಎಷ್ಟು ಅಂತ ಕೇಳದೇ 'ಹೂಂ' ಅನ್ಬೇಡಿ.